ಸಂಪಿನೊಳಗಿನ ಚೀಲ

ಅಂದು ಬೆಳಿಗ್ಗೆ ಆ ನಲ್ಲಿ ನೀರನ್ನು ಮೊದಲು ಬಾಯಿಗೆ ಹಾಕಿಕೊಂಡವನು ನಾನೇ. ನಾರುತ್ತಿತ್ತು; ಅಲ್ಲೇ ಉಗಿದೆ. ಹೆಬ್ಬಗೋಡಿಯ ನಮ್ಮ ವಠಾರದ ಸಂಪಿನ ಮುಚ್ಚಳ ಸರಿಸಿ, ನಾನೂ ನನ್ನ ಹೆಂಡತಿ ವಾಸಂತಿಯೂ ಚೀಲವೊಂದನ್ನು ಮೇಲೆತ್ತಿದೆವು. ಒಳಗೆ ಕೊಳೆತ ಕೋಳಿ ಕರುಳು. ಚೀಲದ ಬಾಯಿಗೆ ಕಟ್ಟಿದ್ದ ಇಳಕಲ್ ಸೀರೆಯ ಚೂರನ್ನು ವಾಸಂತಿ ಬಿಚ್ಚಿ, ಯಾರೂ ಬರುವ ಮೊದಲೇ ಡಬ್ಬಿಗೆ ಹಾಕಿಟ್ಟಳು. ಸರ್ಕಾರಿ ಕಾರ್ಖಾನೆಯಲ್ಲಿ ಜೀವಮಾನವಿಡೀ ಮಾಲಿನ ದೋಷ ಹುಡುಕಿದವಳು ಅವಳು. ನಿವೃತ್ತಿಯ ಮೇಲೆ ವಠಾರದ ಕಿತಾಪತಿಗಳೆಲ್ಲ ಅವಳ ಪಾಲಿಗೇ ಬರುತ್ತಿದ್ದವು.

ಮಧ್ಯಾಹ್ನದೊಳಗೆ ವಠಾರ ತೀರ್ಪು ಕೊಟ್ಟುಬಿಟ್ಟಿತ್ತು. ಯಾದಗಿರಿ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವ ಮುದುಕವ್ವ ಎಂಬುವಳೇ ಅಪರಾಧಿ. ಸಂಜೆಗೆ ಕೋಣೆ ಖಾಲಿಯಾಗಬೇಕೆಂದು ಮಾಲೀಕ ವೆಂಕಟಪ್ಪ ಹೇಳಿದ. ಮಕ್ಕಳನ್ನು ಕಟ್ಟಿಕೊಂಡು ಅವಳು ಹೋಗುವುದಾದರೂ ಎಲ್ಲಿಗೆ?

ವಾಸಂತಿ ಎಲ್ಲರನ್ನೂ ಅಂಗಳಕ್ಕೆ ಕರೆಸಿ, ಇದು ಮುದುಕವ್ವನದೇ ಕೆಲಸವೆಂದು ಹೇಗೆ ಹೇಳುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದಳು. ಆ ಜನವೇ ಗಲೀಜು ಅಂದಳು ಶೈಲಾ. ಅವಳು ಬಂದ ಮೇಲೆ ನೆಮ್ಮದಿಯೇ ಇಲ್ಲ ಅಂದ ಪರಮಾನಂದ. ಇಬ್ಬರೂ ಕಂಪನಿ ಕೆಲಸದವರು, ಓದಿದವರು. ನನಗೆ ಸಂಪಿಗಿಂತ ಅವರೇ ಹೇಸಿಗೆ ಅನ್ನಿಸಿತು. ಕೊನೆ ಕೋಣೆಯ ಮುನೀಂದ್ರ, ಟ್ಯಾಂಕರ್ ನೀರು ಮಾರುವವನು, ಮಾತ್ರ ಕ್ರಮವಾಗಿ ಹೇಳಿದ.

"ಚೀಲಕ್ಕೆ ಇಳಕಲ್ ಸೀರೆ ಚೂರು ಕಟ್ಟಿತ್ತು. ಇಲ್ಲಿ ಆ ಸೀರೆ ಉಡೋದು ಆಯಮ್ಮ ಒಬ್ಳೇ. ಅದಕ್ಕೇ ಮೇಡಂ, ಇದು ಆಯಮ್ಮಂದೇ ಕೆಲ್ಸ."

ವಾಸಂತಿ ಡಬ್ಬಿ ತೆರೆದು ಚೂರನ್ನು ತೋರಿಸಿದಳು. "ಉಳಿದವ್ರದ್ದು ಬರೀ ಹೇಳಿಕೆ ಕಣ್ರೀ. ಎಷ್ಟು ಪೇರಿಸಿದ್ರೂ ಅದರಿಂದ ಏನೂ ಸಾಬೀತಾಗಲ್ಲ. ಮುನೀಂದ್ರ ಒಬ್ರೇ ಕಾರಣ ಕೊಟ್ಟು ತೀರ್ಮಾನಕ್ಕೆ ಬಂದ್ರು. ಅದು ವಾದ. ವಾದ ಅಂದ್ಮೇಲೆ, ಆ ಕಾರಣ ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳ್ಬೇಕಾಗುತ್ತೆ. ಈ ಚೂರು ನೋಡಿದ್ದು ನಾವಿಬ್ರೇ. ನಮ್ಮನ್ನ ಬಿಟ್ರೆ ಕಟ್ಟಿದವನು."

ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿಕೊಂಡಿದ್ದ ಮುನೀಂದ್ರ. ಸಂಪು ಕೆಟ್ಟರೆ ವಠಾರ ಅವನ ಟ್ಯಾಂಕರಿಗೇ ಬಾಯಿಬಿಡಬೇಕು; ಅದಕ್ಕಾಗಿ ಮುದುಕವ್ವ ಒಣಗಲು ಹಾಕಿದ್ದ ಚೂರನ್ನು ಹಗ್ಗದಿಂದ ಕದ್ದಿದ್ದಾಗಿ ಅವನೇ ಒಪ್ಪಿಕೊಂಡ. ಆ ಕಡೆಯ ಹೆಂಗಸರು ಹಳೆ ಸೀರೆಯ ಒಂದು ಚೂರನ್ನೂ ಬಿಸಾಡದೆ ಹೊದೆಯುವ ಕೌದಿ ಹೊಲಿಯಲು ಎತ್ತಿಡುತ್ತಾರೆ, ಕಸಕ್ಕೆ ಕಟ್ಟುವುದಿಲ್ಲ. ತನಗೆ ಮೊದಲ ಅನುಮಾನ ಬಂದದ್ದೇ ಅಲ್ಲಿ ಎಂದಳು ವಾಸಂತಿ.

ಮುನೀಂದ್ರ ಸರಿಯಿಲ್ಲವೆಂದು ತನಗೆ ಮೊದಲೇ ಗೊತ್ತಿತ್ತು ಅಂದಳು ಶೈಲಾ. ಥೂ ಅನ್ನಬೇಕೆನಿಸಿತು. ವೆಂಕಟಪ್ಪ ಹಲ್ಲು ಕಿರಿದು, ಇಲ್ಲೇ ಇರಮ್ಮ ಎನ್ನುತ್ತಾ ಮುದುಕವ್ವನ ಮುಂದೆ ಒಂದು ಲೋಟ ನೀರು ಹಿಡಿದ.

"ಇರ್ತೀನ್ರಿ, ಮಕ್ಳಿಗೆ ಮನಿ ಬೇಕಲ್ರಿ," ಅಂದಳು ಅವಳು. "ಆದ್ರ ನಿಮ್ಮ ಕೈಯಾಗಿನ ನೀರು ಒಲ್ಲೆ. ಹೊಲಸು ನಾರ್ತೈತಿ."