ಕಣ್ಣೀರು ನೋಡುವ ಕನ್ನಡಿ

"ಸುಮ್ಮನ ಇದರಾಗ ನೋಡ್ರಿ. ರೆಪ್ಪಿ ಬಡೀಬ್ಯಾಡ್ರಿ."

ವಿಜ್ಞಾನಿ ನಾಜ್ನೀನ್ ನದಾಫ್ ಅಂಗೈಯಗಲದ ಕನ್ನಡಿಯನ್ನು ಮಂಗಲಾಬಾಯಿಯ ಮುಖದ ಮುಂದೆ ಹಿಡಿದರು. ನಸುನೀಲಿ ಬೆಳಕೊಂದು ಕಣ್ಣಿನ ಮೇಲಿನ ತೇವದ ಪೊರೆಯನ್ನು ಸವರಿತು. ಆ ಪೊರೆ ಎಷ್ಟು ಬೇಗ ಒಡೆಯುತ್ತದೆ, ಅದರಡಿಯ ನರದ ಎಳೆಗಳು ಎಷ್ಟು ಉಳಿದಿವೆ ಎಂಬುದನ್ನು ಕನ್ನಡಿ ಓದಬಲ್ಲುದು.

2058ರ ಹುಬ್ಬಳ್ಳಿ. ನಾಜ್ನೀನ್ ದಿನವೂ ಊಟಕ್ಕೆ ಬರುವ ಖಾನಾವಳಿ ಮಂಗಲಾಬಾಯಿಯದು. ಅಂದು ಒಗ್ಗರಣೆಯ ಘಾಟಿಗೆ ಉಣ್ಣುವವರೆಲ್ಲ ಕಣ್ಣು ಒರೆಸಿಕೊಂಡಾಗ, ಒಲೆಯ ಮುಂದೆಯೇ ನಿಂತ ಮಂಗಲಾಬಾಯಿಯ ಕಣ್ಣು ಕೆಂಪಾಗಿತ್ತೇ ಹೊರತು ಒದ್ದೆಯಾಗಿರಲಿಲ್ಲ. ಅದನ್ನು ಕಂಡೇ ನಾಜ್ನೀನ್ ಕನ್ನಡಿ ತೆಗೆದಿದ್ದರು.

"ಸಕ್ಕರಿ ಕಾಯಿಲೆ ಭಾಳ ವರ್ಷದ್ದೇನ್ರಿ?"

"ಹೌದ್ರಿ. ಆದ್ರ ಕಣ್ಣು ಛಲೋ ಅದಾವ. ಸೂಜ್ಯಾಗ ದಾರ ಪೋಣಿಸ್ತೀನಿ."

"ಮನಿ ಮುಂದ ಒಣಗೈತಿ ಅಂದ್ರ ಹಿತ್ತಲಾನೂ ಒಮ್ಮೆ ನೋಡಬೇಕ್ರಿ."

ರಕ್ತದಲ್ಲಿ ಬಹುಕಾಲ ಏರಿದ ಸಕ್ಕರೆ ಕಣ್ಣಿನ ಮೇಲ್ಮೈಯ ನರಗಳನ್ನೂ ಕಣ್ಣೀರಿನ ಗ್ರಂಥಿಯ ನರಗಳನ್ನೂ ಸವೆಸುತ್ತದೆ. ಕಣ್ಣೀರು ತರಿಸುವ ಸಂದೇಶ ಆಗ ಸರಿಯಾಗಿ ತಲುಪುವುದಿಲ್ಲ. ಅದೇ ಸಕ್ಕರೆ ಕಣ್ಣಿನ ಹಿಂಬದಿಯ ಅಕ್ಷಿಪಟಲದ ರಕ್ತನಾಳಗಳನ್ನೂ ಸದ್ದಿಲ್ಲದೆ ಕೆಡಿಸುತ್ತಿರಬಹುದು ಎಂದು ನಾಜ್ನೀನ್ ವಿವರಿಸಿದರು.

ರೊಟ್ಟಿ ಬಡಿಯುತ್ತಿದ್ದ ಮಗಳು ಶ್ರಾವ್ಯಾಳ ಕೈ ನಿಂತಿತು. "ಎಂದಿನಿಂದ ಒಣಗಿರಬೇಕ್ರಿ?"

"ನರ ಇಷ್ಟು ಸವೆದು ಏಳೆಂಟು ವರ್ಷರ ಆಗಿರಬೇಕವಾ."

ಶ್ರಾವ್ಯಾಳ ತಂದೆ ತೀರಿಕೊಂಡು ಆರು ವರ್ಷವಾಗಿತ್ತು. ಗಂಡನ ಹೆಣದ ಮುಂದೆ ಒಂದು ಹನಿಯೂ ಹಾಕದ ಹೆಂಗಸು ಎಂದು ಬಂಧುಗಳು ಆಡಿಕೊಂಡಿದ್ದರು. ಶ್ರಾವ್ಯಾ ಅದನ್ನು ನಂಬಿದ್ದಳು. ಅಂದಿನಿಂದ ತಾಯಿಯೊಡನೆ ಕೆಲಸದ ಮಾತಷ್ಟೇ.

"ಅವ್ವಾ, ಅಪ್ಪ ಹೋದಾಗ ನಿನಗ ಅಳು ಬರಲಿಲ್ಲೇನು?"

ಮಂಗಲಾಬಾಯಿ ಮಗಳನ್ನೇ ನೋಡಿದರು. "ಅಳು ಬಂತವಾ. ನೀರು ಬರಲಿಲ್ಲ."

ಮರುದಿನ ಆಸ್ಪತ್ರೆಯಲ್ಲಿ ಬಲಗಣ್ಣಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಒಸರುತ್ತಿರುವುದು ಕಂಡಿತು. ಆ ಕಣ್ಣಿಗೇ ಚುಚ್ಚುಮದ್ದು ಕೊಟ್ಟರು. ತಡವಾಗಿಲ್ಲ, ದೃಷ್ಟಿ ಉಳಿಯುತ್ತದೆ ಎಂದರು ವೈದ್ಯರು.

ಮಾತನಾಡಿಸಲು ಬಂದ ನಾಜ್ನೀನರ ಕೈಯನ್ನು ಶ್ರಾವ್ಯಾ ಹಿಡಿದುಕೊಂಡಳು. "ನಿಮ್ಮ ಕನ್ನಡಿ ಮೊದಲ ಬಂದಿದ್ರ ಎಷ್ಟು ಛಲೋ ಇತ್ತು, ಮೇಡಂ."

"ಕನ್ನಡಿ ಇಲ್ಲದಾಗೂ ಗೊತ್ತಾಗತಿತ್ತು. ಸಕ್ಕರಿ ಇದ್ದವ್ರಿಗೆ ವರ್ಷಕ್ಕೊಮ್ಮೆ ಕಣ್ಣಿಗೆ ಔಷಧ ಹಾಕಿ ಒಳಗ ನೋಡೋದು ನಮ್ಮಜ್ಜಿ ಕಾಲದಾಗೂ ಇತ್ತವಾ. ಕಣ್ಣು ಉರೀತಾವ ಅಂದವ್ರ ಮಾತು ಯಾರರ ಕೇಳಬೇಕಿತ್ತು."

ಶ್ರಾವ್ಯಾ ತಲೆ ತಗ್ಗಿಸಿದಳು. "ಅವ್ವ ಎಷ್ಟೋ ಸರ್ತಿ ಹೇಳಿದ್ಲರಿ. ಒಲಿ ಹೊಗಿ ಇರಬೇಕು ಬಿಡು ಅಂದಿದ್ದೆ."

ಬಲಗಣ್ಣಿಗೆ ಪಟ್ಟಿ ಕಟ್ಟಿದ್ದ ಮಂಗಲಾಬಾಯಿ ಹಾಸಿಗೆಯಿಂದಲೇ ಕೈ ಚಾಚಿ ಮಗಳ ತಲೆ ಮುಟ್ಟಿದರು.

"ಈಗ ಕೇಳಾಕತ್ತೀಯಲ್ಲ, ಸಾಕು. ಇಲ್ಲೇ ಕುಂದ್ರು, ಎಲ್ಲಾ ಹೇಳ್ತೀನಿ."