ನಾಲ್ಕು ತಿಂಗಳ ಹಸಿವು

ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಆದರೆ ಇದು ನಡೆದಾಗ ಅವರಿನ್ನೂ ನನ್ನ ಗಂಡನಾಗಿರಲಿಲ್ಲ, ಆದ್ದರಿಂದ ಒಂದು ಸಲ ಹೇಳಿಬಿಡುತ್ತೇನೆ: ವಾದಿರಾಜ. ರಾಯಚೂರಿನ ಒಂದು ಶಾಲೆಯಲ್ಲಿ ಗಣಿತದ ಮಾಸ್ತರರು. ಜ್ಯೇಷ್ಠದ ಕೊನೆಗೆ ತಮ್ಮ ತಾಯಿಯ ಜೊತೆ ಮಾನ್ವಿಯ ನಮ್ಮ ಮನೆಗೆ ನನ್ನನ್ನು ನೋಡಲು ಬಂದಿದ್ದರು.

ನಾನು ಶಿರಾದ ತಟ್ಟೆ ತಂದು ಮುಂದಿಟ್ಟೆ. ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ನೋಡುವುದರಲ್ಲಿ ನಾನು ಪಳಗಿದ್ದೆ, ಯಾಕೆಂದರೆ ಅದಕ್ಕೂ ಮುಂಚೆ ಎರಡು ವರಗಳು ಬಂದು, ಹುಡುಗಿ ದಪ್ಪ ಎಂದು ಹೇಳಿ ಹೋಗಿದ್ದವು. ಇವರು ಕಡ್ಡಿಯಂತಿದ್ದರು. ಅಂಗಿಯೊಳಗೆ ಇನ್ನೊಬ್ಬರಿಗೆ ಜಾಗವಿತ್ತು. ಎರಡು ತುತ್ತು ತಿಂದರು, ಆ ಕಡೆ ಈ ಕಡೆ ನೋಡಿದರು, ಉಳಿದ ಶಿರಾವನ್ನು ಮೆಲ್ಲಗೆ ತಟ್ಟೆಯೊಳಗಿನ ಬಾಳೆಲೆಯ ಕೆಳಗೆ ತಳ್ಳಿದರು. ತಲೆ ಎತ್ತಿದರೆ ಎದುರಿಗೆ ನಾನು.

ಆ ಕಣ್ಣುಗಳು ನನ್ನನ್ನು ಬೇಡಿಕೊಂಡವು. ಅವರ ತಾಯಿ ಈ ಕಡೆ ತಿರುಗುವಷ್ಟರಲ್ಲಿ ನಾನು ತಟ್ಟೆ ಎತ್ತಿಕೊಂಡುಬಿಟ್ಟೆ. ಆಗ ಅವರು ನಕ್ಕರು. ಎಡಗೆನ್ನೆಯಲ್ಲಿ ಮಾತ್ರ, ಅದೂ ಅರ್ಧ ಕ್ಷಣ. ನನಗೆ ಅಷ್ಟೇ ಸಾಕಾಯಿತು.

ಒಳಗೆ ಬಂದು ಬಾಗಿಲ ಹಿಂದೆ ನಿಂತು ಆ ಶಿರಾ ತಿಂದೆ. ಯುದ್ಧದ ಕಾಲ, ಸಕ್ಕರೆ ಕಂಟ್ರೋಲಿನಲ್ಲಿ ಸಿಗುತ್ತಿತ್ತು, ಚೆಲ್ಲಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅವರ ಎಂಜಲು ಎಂದೇ ತಿಂದೆ. ಸೋದರತ್ತೆ ಸತ್ಯಭಾಮಾಬಾಯಿ ಅಲ್ಲೇ ಮೂಲೆಯಲ್ಲಿ ಹೂಬತ್ತಿ ಮಾಡುತ್ತ ಕುಳಿತಿದ್ದಳು. ಎಲ್ಲವನ್ನೂ ನೋಡಿ ಏನೂ ನೋಡದವಳಂತೆ ಹತ್ತಿ ಹಿಂಜತೊಡಗಿದಳು.

ಹೊರಗೆ ಅವರ ತಾಯಿ ಅಹಲ್ಯಾಬಾಯಿ ನಮ್ಮಪ್ಪನಿಗೆ ಹೇಳುತ್ತಿದ್ದದ್ದು ಕೇಳಿಸಿತು. ಮಗ ಆಗ ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದರು.

"ಹುಡುಗಿ ಲಕ್ಷಣ ಇದ್ದಾಳ್ರಿ ಆಚಾರ್ರೇ. ಜಾತಕಾನೂ ಕೂಡ್ಯಾವ. ಆದ್ರ ನಮ್ಮ ಹುಡುಗ ನೋಡಿದ್ರಲ್ಲ ಹೆಂಗಿದ್ದಾನ. ಮಂಟಪದಾಗ ಇಬ್ಬರೂ ನಿಂತ್ರ ನಾಕು ಮಂದಿ ನಗಬಾರದು. ಚಾತುರ್ಮಾಸ ಮುಗಿಯೂತನ ಒಂದೀಟು ಇಳೀಲಿ. ಆಗ ಬಂದು ನೋಡಿ ಮುಹೂರ್ತ ಇಡೋಣ."

ಮೊದಲ ಎರಡು ವರಗಳು ಹೋದಾಗ ನಾನು ಅತ್ತಿರಲಿಲ್ಲ. ಈ ಸಲ ಅಳು ಬಂತು, ಯಾಕೆಂದರೆ ಈ ಸಲ ವರ ನನಗೆ ಬೇಕಾಗಿತ್ತು.

ಅವ್ವ ಒಂದು ಉಪಾಯ ಹುಡುಕಿದಳು. ಮಗಳು ತೆಳ್ಳಗಾಗಲು ಹಸಿದುಕೊಂಡಿದ್ದಾಳೆ ಎಂದು ಓಣಿಯಲ್ಲಿ ಗೊತ್ತಾದರೆ ಮಾನ ಹೋಗುತ್ತದೆ. ಚಾತುರ್ಮಾಸ ಹೇಗೂ ಬಂತಲ್ಲ. ಮೊದಲ ತಿಂಗಳು ಕಾಯಿಪಲ್ಲೆ ಬಿಡುವುದು, ಎರಡನೆಯದಕ್ಕೆ ಮೊಸರು, ಮೂರನೆಯದಕ್ಕೆ ಹಾಲು, ನಾಲ್ಕನೆಯದಕ್ಕೆ ಬೇಳೆಕಾಳು. ಜೊತೆಗೆ ಏಕಾದಶಿಗೊಮ್ಮೆ ನಿಟ್ಟುಪವಾಸ. ಅನಸೂಯಾ ಈ ವರ್ಷ ಕಟ್ಟುನಿಟ್ಟಾಗಿ ವ್ರತ ಹಿಡಿದಿದ್ದಾಳೆ ಎಂದು ಎಲ್ಲರಿಗೂ ಹೇಳುವುದು, ಮೈ ತಾನಾಗಿ ಕರಗುತ್ತದೆ ಎಂದುಕೊಂಡೆವು. ಕಾರಣ ಕಿವಿಯಾರೆ ಕೇಳಿದ್ದರೂ ಅಪ್ಪನಿಗಂತೂ ಮಗಳ ಭಕ್ತಿ ಕಂಡು ಕಣ್ಣು ತುಂಬಿ ಬಂದವು.

ಕಾಯಿಪಲ್ಲೆ ಬಿಟ್ಟ ತಿಂಗಳು ಮನೆಯಲ್ಲಿ ಏನು ಮಾಡುತ್ತಾರೆ ಎಂಬುದನ್ನು ಮಾತ್ರ ಯಾರೂ ಯೋಚಿಸಲಿಲ್ಲ. ಹೆಸರುಬೇಳೆ ತೊವ್ವೆ, ಅದರ ಮೇಲೆ ತುಪ್ಪ. ಮೆಣಸಿನ ಸಾರು, ಅದಕ್ಕೂ ತುಪ್ಪ. ಗಟ್ಟಿ ಮೊಸರು. ಏಕಾದಶಿಗೆ ಒಂದು ಹನಿ ನೀರಿಲ್ಲ, ಸರಿ, ಆದರೆ ದ್ವಾದಶಿಯ ಬೆಳಗ್ಗೆ ಪಾರಣೆಗೆ ಪಾಯಸ, ಅದನ್ನು ಬೇಡ ಎನ್ನುವ ಹಾಗಿಲ್ಲ. ತಿಂಗಳು ಕಳೆದ ಮೇಲೆ ಅಜ್ಜಿಯ ಕಾಲದ ಬೆಳ್ಳಿ ಡಾಬನ್ನು ನನ್ನ ಸೊಂಟಕ್ಕೆ ಸುತ್ತಿ ನೋಡಿದರು. ಮೊದಲು ಎರಡು ಬೆರಳು ಸಾಲುತ್ತಿರಲಿಲ್ಲ, ಈಗ ನಾಲ್ಕು ಬೆರಳು ಸಾಲದು. ಅವ್ವ ಡಾಬು ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟಳು.

ಅಂದಿನಿಂದ ನನ್ನ ಊಟವನ್ನು ಸತ್ಯಭಾಮತ್ತೆ ತನ್ನ ಕೈಗೆ ತೆಗೆದುಕೊಂಡಳು.

ಬೆಳಗ್ಗೆ ಒಂದು ಜೋಳದ ರೊಟ್ಟಿ, ಪಲ್ಲೆ. ರಾತ್ರಿಗೆ ಅರ್ಧ ರೊಟ್ಟಿ, ಸಾರು. ಅನ್ನ ಹಬ್ಬಕ್ಕೆ ಮಾತ್ರ. ಎಂಟು ದಿನ ನಾನು ಯಾರ ಮಾತಿಗೂ ನೆಟ್ಟಗೆ ಉತ್ತರ ಕೊಡಲಿಲ್ಲ. ಪಕ್ಕದ ಮನೆಯ ಒಗ್ಗರಣೆ ಸಿಡಿದರೆ ಇಲ್ಲಿ ನನ್ನ ಬಾಯಲ್ಲಿ ನೀರು. ಅಪ್ಪ ಪುರಾಣ ಓದುವಾಗ ಋಷಿಗಳ ತಪಸ್ಸು ಬಿಟ್ಟು ಆಶ್ರಮದ ಕಂದಮೂಲಗಳ ಮೇಲೆಯೇ ನನ್ನ ಮನಸ್ಸು. ಒಂದು ಮಧ್ಯಾಹ್ನ ನೆಲುವಿನಿಂದ ಚಕ್ಕುಲಿ ಕದಿಯುವಾಗ ಅತ್ತೆಯ ಕೈಗೆ ಸಿಕ್ಕಿಬಿದ್ದೆ. ಅವಳು ಬೈಯಲಿಲ್ಲ. ಎಳೆದುಕೊಂಡು ಹೋಗಿ ಪಡಸಾಲೆಯಲ್ಲಿ ಕೂರಿಸಿ ಮಡಿಲಿಗೆ ಹತ್ತಿ ಹಾಕಿದಳು.

"ಹಸಿವಿನ ಜೋಡಿ ಜಗಳ ಆಡಬ್ಯಾಡ. ಕೂಡ್ರು ಅನ್ನು. ಒಂದು ಹತ್ತು ಬತ್ತಿ ಮಾಡೂದ್ರಾಗ ತಾನ ಎದ್ದು ಹೋಗ್ತದ."

ನಾನು ಬತ್ತಿ ಮಾಡಿದೆ. ಹತ್ತಲ್ಲ, ಮೂವತ್ತಾದವು, ಆದರೆ ನಿಜವಾಗಿಯೂ ಎದ್ದು ಹೋಯಿತು. ಆಮೇಲೆ ಒಂದೊಂದೇ ಕಲಿಸಿದಳು. ಹೊಟ್ಟೆ ಕೂಗಿದಾಗ ಜೀರಿಗೆ ಕುದಿಸಿದ ಬಿಸಿನೀರು. ತುತ್ತು ಸಣ್ಣದು, ರೊಟ್ಟಿ ಸಿಹಿಯಾಗುವವರೆಗೆ ಅಗಿಯಬೇಕು. ಸಂಜೆ ನಾಲ್ಕರ ಹಸಿವು ಬಹಳ ಕೆಟ್ಟದ್ದು, ಆಗ ಮನೆಯಲ್ಲಿರದೆ ಗುಡಿಗೆ ಹೋಗಿ ಪ್ರದಕ್ಷಿಣೆ ಹಾಕಬೇಕು. ಇಷ್ಟೆಲ್ಲ ಎಲ್ಲಿ ಕಲಿತೆ ಎಂದು ಕೇಳಿದೆ. ನನಗೆ ಬುದ್ಧಿ ಇದ್ದಿದ್ದರೆ ಕೇಳುತ್ತಿರಲಿಲ್ಲ.

ಅತ್ತೆ ಗಂಡನನ್ನು ಕಳೆದುಕೊಂಡದ್ದು ಹತ್ತೊಂಬತ್ತನೆಯ ವರ್ಷಕ್ಕೆ. ಅಂದಿನಿಂದ ಒಪ್ಪತ್ತಿನ ಊಟ, ಇಪ್ಪತ್ತೆರಡು ವರ್ಷ. ನಾನು ಹುಟ್ಟಿದಂದಿನಿಂದ ಪ್ರತಿ ರಾತ್ರಿ ಅವಳ ಎದುರಿಗೇ ಕುಳಿತು ಹೊಟ್ಟೆ ತುಂಬ ಉಂಡಿದ್ದೆ. ಅವಳಿಗೂ ಹಸಿವಾಗುತ್ತಿರಬಹುದು ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಆ ಸಂಜೆ ನನಗೆ ಬಹಳ ನಾಚಿಕೆಯಾಯಿತು.

ಭಾದ್ರಪದದಲ್ಲಿ ಅವರು ಬಂದರು. ಬಾಗಲವಾಡದಲ್ಲಿ ಅವರ ಅಕ್ಕನ ಮನೆ, ಅಲ್ಲಿಗೆ ಮಾನ್ವಿಯ ಮೇಲೆಯೇ ಹೋಗಬೇಕು. ರಾಯಚೂರಿನಿಂದ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು ಕೆಮ್ಮುತ್ತ ಮಾನ್ವಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು, ಮಡಿವಂತರ ಮನೆಯ ಹುಡುಗ ಹೋಟೆಲಿನಲ್ಲಿ ಉಣ್ಣುವ ಹಾಗಿರಲಿಲ್ಲ, ಆದ್ದರಿಂದ ನಮ್ಮ ಮನೆಯಲ್ಲೇ ಊಟ. ಹೊರಗಿನವರ ಕಣ್ಣಿಗೆ ಕಾರಣ ಸರಿಯಾಗಿಯೇ ಇತ್ತು. ಆದರೆ ಬಾಗಲವಾಡದ ಅಕ್ಕನ ಮೇಲೆ ಅವರಿಗೆ ಅಷ್ಟೊಂದು ಪ್ರೀತಿ ಆ ವರ್ಷವೇ ಯಾಕೆ ಬಂತೆಂದು ಅತ್ತೆ ಒಮ್ಮೆ ನನ್ನ ಕಿವಿಯಲ್ಲಿ ಕೇಳಿದಳು.

ಬಡಿಸಲು ಅವ್ವ ನನ್ನನ್ನೇ ಕಳಿಸಿದಳು. ಬಾಗಿ ಅನ್ನ ನೀಡುವಾಗ ಅದರ ಹಬೆ ನನ್ನ ಮುಖಕ್ಕೆ ಬರುತ್ತಿತ್ತು. ಅನ್ನ ಉಂಡು ಇಪ್ಪತ್ತು ದಿನವಾಗಿತ್ತು ನನಗೆ. ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿದರು, ನಾನು ಬೆರಳ ಸಂದಿಯಲ್ಲೇ ಇಳಿಸಿದೆ. ಅವರು ಕಣ್ಣೆತ್ತಿ ನನ್ನನ್ನು ನೋಡಿದರು, ನಾನು ಅವರ ಎಲೆಯ ಹೋಳಿಗೆಯನ್ನು ನೋಡುತ್ತಿದ್ದೆ. ಇದೆಂಥ ಹುಡುಗಿ, ತಮ್ಮನ್ನು ಬಿಟ್ಟು ಹೋಳಿಗೆಯ ಮೇಲೆಯೇ ಕಣ್ಣು ಎಂದು ಆಗ ಅನ್ನಿಸಿತೆಂದು ಆಮೇಲೆ ಎಷ್ಟೋ ಸಲ ಹೇಳಿ ನನ್ನನ್ನು ಕಾಡಿದ್ದಾರೆ.

ಆಶ್ವೀಜದಲ್ಲಿ ಮತ್ತೆ ಬಂದರು. ಊಟವಾದ ಮೇಲೆ ಹಿತ್ತಲಲ್ಲಿ ಅವರ ಕೈಗೆ ನೀರು ಹಾಕಲು ಅತ್ತೆ ನನ್ನನ್ನೇ ಕಳಿಸಿದಳು. ಮುಖ ಸ್ವಲ್ಪ ತುಂಬಿತ್ತು, ಆದರೆ ಕಳೆ ಇರಲಿಲ್ಲ. ಕೈ ಮುಂದೆ ಚಾಚಿ, ನನ್ನ ಕಡೆ ನೋಡದೆ, ನೀರಿಗೇ ಹೇಳುವವರಂತೆ ಮೆಲ್ಲಗೆ ಹೇಳಿದರು.

"ಒಂದು ಉಪಕಾರ ಮಾಡ್ರಿ. ನೀಡೂದು ಕಡಿಮಿ ಮಾಡ್ರಿ. ಇನ್ನ ನನ್ನ ಕೈಲಿ ಆಗಂಗಿಲ್ಲ."

ಆಮೇಲೆ ಎಲ್ಲ ಹೊರಬಂತು. ನಮ್ಮ ಮನೆಯಿಂದ ಹೋದ ದಿನದಿಂದ ತಾಯಿ ಅವರಿಗೆ ಬೆಳಗ್ಗೆ ಬಾದಾಮಿ, ರೊಟ್ಟಿಗೊಂದು ಮುದ್ದೆ ಬೆಣ್ಣೆ, ಮಲಗುವಾಗ ತುಪ್ಪ ಹಾಕಿದ ಹಾಲು ಕೊಡುತ್ತಿದ್ದರಂತೆ. ಹುಡುಗಿ ಮೈಕೈ ತುಂಬಿಕೊಂಡಿದ್ದಾಳೆ, ಪಕ್ಕದಲ್ಲಿ ನಿಂತರೆ ನೀನೂ ಕಾಣಬೇಕಲ್ಲ ಎಂದು. ಅರಗಿಸಿಕೊಳ್ಳಲು ಇವರು ದಿನಾ ಸಂಜೆ ರಾಯಚೂರಿನ ಕೋಟೆಯನ್ನು ಎರಡು ಸುತ್ತು ಹಾಕುತ್ತಿದ್ದರು. ಅದರಿಂದ ಮತ್ತೆ ಸಣ್ಣಗಾಗುತ್ತಿದ್ದರು.

ನನಗೆ ನಗು ಬಂತು. ತಡೆಯಲಾಗದೆ ನಕ್ಕೆ, ನಕ್ಕು ನಕ್ಕು ಅದು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಅವರು ಗಾಬರಿಯಾದರು. ಅವರ ತಾಯಿ ನಮಗೆ ಹೇಳಿದ ಮಾತು, ಡಾಬು, ಅರ್ಧ ರೊಟ್ಟಿ, ಜೀರಿಗೆ ನೀರು, ಎಲ್ಲ ಹೇಳಿದೆ. ಅವರಿಗೆ ಒಂದೂ ಗೊತ್ತಿರಲಿಲ್ಲ. ತಂಬಿಗೆಯ ನೀರು ಮುಗಿದಿತ್ತು, ಅವರು ಒದ್ದೆ ಕೈ ಹಾಗೆಯೇ ಹಿಡಿದು ನಿಂತಿದ್ದರು.

"ನಾನು ಇವತ್ತ ಅವ್ವಗ ಹೇಳ್ತೀನಿ," ಎಂದರು.

ಬೇಡವೆಂದು ಬೇಡಿಕೊಂಡೆ. ಹುಡುಗಿ ಚಾಡಿ ಹೇಳಿದಳು ಎಂದಾಗುತ್ತದೆ, ಸಂಬಂಧ ಮುರಿದುಹೋಗುತ್ತದೆ ಎಂದೆ.

"ಮುರಿದ್ರ ನಿಮಗೇನು ಕಷ್ಟ?"

ಕೇಳುವಾಗ ಎಡಗೆನ್ನೆ ಸ್ವಲ್ಪ ಅಲುಗಿತು. ನಾನು ಖಾಲಿ ತಂಬಿಗೆ ಎತ್ತಿಕೊಂಡು ಒಳಗೆ ಓಡಿದೆ.

ಕಾರ್ತಿಕದ ಏಕಾದಶಿಯ ಸಂಜೆ ತಾಯಿ ಮಗ ಇಬ್ಬರೂ ಬಂದಿಳಿದರು. ಮರುದಿನ ನಾಲ್ಕು ತಿಂಗಳ ವ್ರತ ಮುಗಿಯುವ ದ್ವಾದಶಿ. ಆ ವರ್ಷ ದ್ವಾದಶಿ ಬೆಳಗ್ಗೆ ಎಂಟೂವರೆಗೇ ತೀರುತ್ತಿತ್ತು, ಅಷ್ಟರೊಳಗೆ ಎಲ್ಲರ ಬಾಯಿಗೂ ಅನ್ನ ಬೀಳಬೇಕು. ಮನೆಯವರೆಲ್ಲ ಹಿಂದಿನ ದಿನ ನೀರೂ ಮುಟ್ಟಿರಲಿಲ್ಲ. ಅಹಲ್ಯಾಬಾಯಿಯವರು ಸ್ನಾನ ಮುಗಿಸಿ ಬಂದವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಪಾರಣೆಗೆ ಎಷ್ಟು ಹೊತ್ತು ಎಂದು ಮೂರು ಸಲ ಕೇಳಿದರು. ಆಮೇಲೆ ನನ್ನನ್ನು ಬೆಳಕಿಗೆ ಕರೆದು ಅಡಿಯಿಂದ ಮುಡಿಯವರೆಗೆ ನೋಡಿದರು.

ಡಾಬು ಅಷ್ಟರಲ್ಲಿ ನನ್ನ ಸೊಂಟಕ್ಕೆ ಕೂಡುತ್ತಿತ್ತು. ಕಣ್ಣ ಕೆಳಗೆ ಕಪ್ಪು ಬಂದಿತ್ತು.

"ಇಳಿದಾಳ," ಎಂದರು ಅವ್ವನಿಗೆ. "ಇನ್ನೊಂದೀಟು ಇಳೀಬೇಕು. ಅವಸರ ಏನದ? ಮಾಘಮಾಸದಾಗ ನೋಡೋಣಂತ."

ನನ್ನ ಕೈಯಲ್ಲಿ ಪಾಯಸದ ಸೌಟಿತ್ತು. ಮಾಘವೆಂದರೆ ಇನ್ನೂ ಮೂರು ತಿಂಗಳು. ಮೂರು ತಿಂಗಳ ಹಸಿವನ್ನು ಹೇಗೋ ಕಳೆಯಬಹುದು. ಮಾಘದಲ್ಲಿ ಮತ್ತೆ ಇದೇ ಮಾತು ಹೇಳಿದರೆ ಏನು ಮಾಡುವುದು? ಹೊರಗೆ ಎಲೆಯ ಮುಂದೆ ಕುಳಿತಿದ್ದ ಅವರ ಮಗನಿಗೆ ಆ ಮಾತು ಸರಿಯಾಗಿ ಕೇಳಿಸಿತ್ತು.

ಗಂಡಸರ ಪಂಕ್ತಿ ಎದ್ದ ಮೇಲೆಯೇ ಹೆಂಗಸರ ಊಟ. ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಅಂಗೈಯಲ್ಲಿ ನೀರು ಹಿಡಿದು ಆಪೋಶನ ತೆಗೆದುಕೊಂಡರೆ ಮಾತ್ರ ಊಟ ಶುರು. ಬಡಿಸಿದ್ದಾಯಿತು. ಅಪ್ಪ, ಗುಡಿಯ ವೆಂಕೋಬಾಚಾರ್ಯರು, ಇನ್ನಿಬ್ಬರು ನೀರು ಹಿಡಿದರು. ಅಹಲ್ಯಾಬಾಯಿಯವರ ಮಗ ಮಾತ್ರ ಕೈ ಮುಂದೆ ಮಾಡಲಿಲ್ಲ. ಅಪ್ಪ ಯಾಕೆಂದು ಕೇಳಿದರು. ಅತಿಥಿಯನ್ನು ಬಿಟ್ಟು ಉಣ್ಣುವಂತಿಲ್ಲ. ಗೋಡೆಯ ಗಡಿಯಾರದಲ್ಲಿ ಎಂಟು ದಾಟಿ ಐದು ನಿಮಿಷವಾಗಿತ್ತು. ವೆಂಕೋಬಾಚಾರ್ಯರು ತಮ್ಮ ಅಂಗೈಯಿಂದ ಸೋರುವ ನೀರನ್ನೂ ಎಲೆಯ ಹೋಳಿಗೆಯನ್ನೂ ಒಂದಾದ ಮೇಲೆ ಒಂದು ನೋಡುತ್ತಿದ್ದರು.

ಅವರು ಬಾಗಿಲ ಕಡೆ ತಿರುಗಿದರು. ದನಿ ಎತ್ತರಿಸಲಿಲ್ಲ.

"ಅವ್ವಾ, ನಿನ್ನೆ ನೀನು ಒಂದು ದಿನ ಉಪಾಸ ಇದ್ದಿ. ಮುಂಜಾನಿಂದ ಪಾರಣಿ ಎಷ್ಟೊತ್ತಿಗೆ ಅಂತ ಮೂರು ಸಲ ಕೇಳೀದಿ. ಈಕಿ ನಾಕು ತಿಂಗಳಾತು, ಒಂದು ಸಲಾನೂ ಕೇಳಿಲ್ಲ."

ಅಹಲ್ಯಾಬಾಯಿಯವರ ಮುಖ ಕೆಂಪಾಯಿತು. ಅವರು ಕೆಟ್ಟವರಲ್ಲ. ತಾವು ಎತ್ತರ, ಗಂಡ ಗಿಡ್ಡ, ಲಗ್ನದಲ್ಲಿ ಜನ ನಕ್ಕದ್ದು ಇನ್ನೂ ಕಿವಿಯಲ್ಲಿದೆ ಎಂದು ತೊದಲಿದರು. ಮಗನಿಗೆ ಅದು ಬೇಡವೆಂದೇ ಇಷ್ಟೆಲ್ಲ ಮಾಡಿದೆ ಎಂದರು.

"ನಗ್ಲಿ ಬಿಡು. ಊಟ ಮಾಡ್ತಾರ, ನಗ್ತಾರ, ಮನಿಗೆ ಹೋಗ್ತಾರ. ಆಮ್ಯಾಲ ನಾವಿಬ್ಬರ ಇರೋರು."

ಆಗ ಒಳಗಿನಿಂದ, ಬಂದವರ ಎದುರಿಗೆ ಎಂದೂ ಬಾಯಿ ತೆರೆಯದ ಸತ್ಯಭಾಮತ್ತೆಯ ದನಿ ಬಂತು. "ಹಸಿವು ನನ್ನ ಹಣ್ಯಾಗ ಬರೆದಿತ್ತು, ಬಂತು. ಈ ಕೂಸಿಗೆ ಯಾಕ ಬೇಕ್ರಿ, ಅಹಲ್ಯಾಬಾಯಾರ?"

ಅಹಲ್ಯಾಬಾಯಿಯವರು ಅತ್ತೆಯ ಕಡೆ ತಿರುಗಿ ನೋಡಿದರು. ಅವರಿಗೂ ಒಂದು ದಿನದ ಹಸಿವಿತ್ತು, ಬಹುಶಃ ಅದೇ ಅವರ ಒಳಗೆ ಮಾತಾಡಿತು. ನನ್ನ ಕೈಯಿಂದ ಸೌಟು ಇಸಿದುಕೊಂಡರು.

"ನೀನು ಊಟ ಮಾಡಪಾ," ಎಂದರು ಮಗನಿಗೆ. "ಮುಂದಿನ ಪಂಕ್ತಿಗೆ ಈಕಿ ನನ್ನ ಬಾಜೂಕ ಕೂಡ್ತಾಳ. ಮುಹೂರ್ತ ಉಂಡ ಮ್ಯಾಲೆ ನೋಡೋಣ, ಹಸಿದು ಪಂಚಾಂಗ ತಗೀಬಾರದು."

ಅವರು ಅಂಗೈ ಚಾಚಿದರು. ವೆಂಕೋಬಾಚಾರ್ಯರು ಗೋವಿಂದ ಎಂದದ್ದು ನಾಲ್ಕು ಮನೆಗೆ ಕೇಳಿಸಿರಬೇಕು. ಗಂಡಸರು ಗಬಗಬನೆ ಉಂಡು ಎದ್ದರು. ಎಂಟೂವರೆಗೆ ಇನ್ನೆರಡು ನಿಮಿಷವಿರುವಾಗ ನಾನು ಅತ್ತೆಗೂ ಅವರ ತಾಯಿಗೂ ನಡುವೆ ಕುಳಿತು ಮೊದಲ ತುತ್ತು ಅನ್ನ ಬಾಯಿಗಿಟ್ಟೆ. ಅಹಲ್ಯಾಬಾಯಿಯವರು ತಮ್ಮ ಎಲೆ ಬಿಟ್ಟು ನನ್ನ ಅನ್ನಕ್ಕೆ ತುಪ್ಪ ಹಾಕಿದರು. ನನ್ನ ಕಣ್ಣೀರು ಅನ್ನದಲ್ಲಿ ಬಿತ್ತು.

ಊಟವಾದ ಮೇಲೆ ಪಂಚಾಂಗ ತೆಗೆದು ಮಾರ್ಗಶಿರ ಪಂಚಮಿಗೆ ಮುಹೂರ್ತ ಇಟ್ಟರು. ರಾಯಚೂರಿನ ಬಸ್ಸಿಗೆ ಹೊತ್ತಾಗಿತ್ತು, ಅಹಲ್ಯಾಬಾಯಿಯವರು ಅವ್ವನ ಹತ್ತಿರ ಕುಂಕುಮ ತೆಗೆದುಕೊಳ್ಳುತ್ತಿದ್ದರು. ನಾನು ಎಲೆಅಡಿಕೆ ತಟ್ಟೆ ಹಿಡಿದು ಕಟ್ಟೆಯ ಬಳಿ ಬಂದೆ. ಅವರು ಒಂದು ಅಡಿಕೆ ಆರಿಸಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

"ನಾಕು ತಿಂಗಳು ಹಸಿದು ಕೂತಾಗ ಏನು ನೆನಪಾಗ್ತಿತ್ತು?"

"ಮೊದಲಿಗೆ ರೊಟ್ಟಿ," ಎಂದೆ. "ಆಮ್ಯಾಲ ಹೋಳಿಗಿ."

"ಅಷ್ಟ ಏನು?"

ಅವರ ಮುಖ ಸಪ್ಪಗಾಯಿತು. ಅವರನ್ನು ಇನ್ನಷ್ಟು ಕಾಡಿಸಬಹುದಿತ್ತು, ಆದರೆ ಬಸ್ಸಿಗೆ ತಡವಾಗುತ್ತಿತ್ತು. ತಲೆ ತಗ್ಗಿಸದೆ, ನೇರವಾಗಿ ನೋಡಿಯೇ ಹೇಳಿದೆ.

"ಆಮ್ಯಾಲ ನೀವು. ಅದೂ ಹಸಿವಿಗೇ ಇರಬೇಕು, ಒಂದಿನ ಹೊಟ್ಟಿತುಂಬ ಉಂಡ್ರ ಹೋಗ್ತದ ಅಂತ ತಿಳಿದಿದ್ದೆ. ಇವತ್ತ ಹೊಟ್ಟಿತುಂಬ ಉಂಡೀನಿ. ಹೋಗಿಲ್ಲ."