ಹ್ಯಾಂಡಲ್‌ಗೆ ಕಟ್ಟಿದ ಬಣ್ಣದ ಕಾಗದ

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಸಾನ್ ರೊಕೆ ಊರಿನ ಪೊಲೀಸ್ ಠಾಣೆಗೆ ದೂರು ಬಂತು. ದೂರುದಾರ ಇಗ್ನಾಸಿಯೊ, ಉರುಗ್ವೆಯ ಪ್ರವಾಸಿ. ಊರವರು ದೊನ್ಯಾ, ಅಂದರೆ ಅಮ್ಮಾವ್ರು, ಎಂದು ಕರೆಯುವ ನೆಮೆಸಿಯಳ ವಸತಿಗೃಹದ ಅಂಗಳದಲ್ಲಿ ನಿಲ್ಲಿಸಿದ್ದ ಅವನ ಮೋಟರ್‌ಸೈಕಲ್ ಕಾಣೆಯಾಗಿತ್ತು.

"ಶನಿವಾರ ನನ್ನ ತಂಗಿ ಮದುವೆ, ಸರ್. ಇವತ್ತು ಹೊರಡದಿದ್ರೆ ಮುಗೀತು."

ಅವನು ಹೇಳಿದ್ದು ನಿಜ. ಸರ್ಕಾರ ಬೀಳುವ ತನಕ ಏಳುವುದಿಲ್ಲವೆಂದು ಹೆದ್ದಾರಿಗೆ ಕಲ್ಲು ಪೇರಿಸಿ ಕೂತಿದ್ದ ಗಣಿ ಕಾರ್ಮಿಕರು ಅಂದು ಮಧ್ಯಾಹ್ನದವರೆಗೆ ಮಾತ್ರ ದಾರಿ ಬಿಟ್ಟಿದ್ದರು.

ಇನ್ಸ್‌ಪೆಕ್ಟರ್ ಕೊಂಡೋರಿ, ಕಾನ್‌ಸ್ಟೇಬಲ್ ಚೋಕೆ ಸ್ಥಳಕ್ಕೆ ಹೋಗಿ ಪಂಚನಾಮೆ ಆರಂಭಿಸಿದರು. ಹೊರಬಾಗಿಲ ಧೂಳಿನಲ್ಲಿ ಚಕ್ರದ ಗುರುತು ಒಳಬಂದದ್ದು ಮಾತ್ರ ಇತ್ತು. ಗಾಡಿ ನಿಂತಿದ್ದ ಜಾಗದಲ್ಲಿ ಬಣ್ಣದ ಕಾಗದದ ಚೂರುಗಳು ಬಿದ್ದಿದ್ದವು. ನೆಲ ಒದ್ದೆಯಾಗಿ ಸಾರಾಯಿ ವಾಸನೆ ಬರುತ್ತಿತ್ತು.

"ಪೂಜೆ ಮಾಡಿ ಕದ್ದಿದ್ದಾನೆ, ಸಾಹೇಬ್ರೆ. ಭಕ್ತ ಕಳ್ಳ," ಎಂದ ಚೋಕೆ.

"ಮಾರೋಕೆ ಕದಿಯೋನು ಗಾಡಿಗೆ ಬಣ್ಣದ ಕಾಗದ ಕಟ್ಟಿ ಸಾರಾಯಿ ಚಿಮುಕಿಸ್ತಾನೇನಯ್ಯ? ದಾರೀಲಿ ಏನೂ ಆಗಬಾರದು ಅಂತ ಮನೆಯೋರು ಮಾಡೋದು ಅದು."

ಚೂರುಗಳು ಹಿತ್ತಲಲ್ಲಿ ಲಾಮಾ ಪ್ರಾಣಿಗಳನ್ನು ಕೂಡುವ ದೊಡ್ಡಿಯ ಕಡೆಗೆ ಹೋಗಿದ್ದವು. ಹುಲ್ಲಿನ ರಾಶಿ ಸರಿಸಿದಾಗ ಗಾಡಿ ಸಿಕ್ಕಿತು. ಹ್ಯಾಂಡಲ್‌ಗೆ ಗುಲಾಬಿ, ಹಳದಿ ಕಾಗದದ ಪಟ್ಟಿ ಕಟ್ಟಿತ್ತು.

ಅಡುಗೆಮನೆ ಬಾಗಿಲಲ್ಲಿ ನೆಮೆಸಿಯ ನಿಂತಿದ್ದಳು.

"ನೀವೇನಾ, ದೊನ್ಯಾ?"

"ಹೂಂ."

"ಹರಸಿದ್ದೂ ನೀವೇ, ಬಚ್ಚಿಟ್ಟಿದ್ದೂ ನೀವೇನಾ?"

"ಹೋಗೋ ದಿನ ಅವನಿಗೆ ಏನೂ ಆಗದಿರಲಿ ಅಂತ ಹರಸ್ದೆ. ಆ ದಿನ ಇವತ್ತೇ ಬೇಡ ಅಂತ ಬಚ್ಚಿಟ್ಟೆ."

"ಯಾಕೆ?"

"ರಸ್ತೆ ಮುಚ್ಚಿದಾಗಿಂದ ಹನ್ನೊಂದು ಮಂಚ ಖಾಲಿ. ಈ ಹುಡುಗ ರಾತ್ರಿ ಕೆಮ್ಮುತ್ತಿದ್ದ. ಕೇಳ್ತಾ ಕೇಳ್ತಾ ನಂಗೆ ನಿದ್ದೆ ಬಂತು."

ಇಗ್ನಾಸಿಯೊ ದೂರು ವಾಪಸ್ ತೆಗೆದುಕೊಳ್ಳುತ್ತೇನೆಂದ. ಕಳ್ಳತನದ ಎಫ್‌ಐಆರ್ ಆಗಿಬಿಟ್ಟಿದೆ, ಇನ್ನು ನ್ಯಾಯಾಧೀಶರೇ ಬಿಡಬೇಕು ಎಂದ ಕೊಂಡೋರಿ. ನ್ಯಾಯಾಧೀಶರು ಇದ್ದದ್ದು ಕಲ್ಲುಗಳ ಆಚೆ, ಮಧ್ಯಾಹ್ನದೊಳಗೆ ಹೋಗಿ ಬರಲಾಗದಷ್ಟು ದೂರದಲ್ಲಿ; ದಾರಿ ಮತ್ತೆ ತೆರೆಯುವ ತನಕ ನೆಮೆಸಿಯ ಠಾಣೆಯಲ್ಲೇ ಇರಬೇಕಿತ್ತು. ಹನ್ನೊಂದು ಗಂಟೆಗೆ ಇಗ್ನಾಸಿಯೊ ಹೊರಟ. ಕಾಗದದ ಪಟ್ಟಿಗಳನ್ನು ಬಿಚ್ಚಲಿಲ್ಲ.

ಬಂಧನದ ವರದಿಯ ಕಾರಣದ ಜಾಗದಲ್ಲಿ ಕೊಂಡೋರಿ 'ಹಣದ ಉದ್ದೇಶವಿಲ್ಲ' ಎಂದಷ್ಟೇ ಬರೆದ.

ನೆಮೆಸಿಯ ಲಾಕಪ್ಪನ್ನು ಒಮ್ಮೆ ನೋಡಿದಳು. ಅದರ ಗೋಡೆಗೆ ತಾಗಿ ಪೊಲೀಸರ ಎರಡು ಮಂಚಗಳಿದ್ದವು.

"ರಾತ್ರಿ ನೀವಿಬ್ರೂ ಇಲ್ಲೇ ಮಲಗ್ತೀರಾ?"

"ಇಲ್ಲೇ, ಅಮ್ಮ. ಈ ಚೋಕೆ ಗೊರಕೆ ಸಹಿಸ್ಕೋಬೇಕು."

ಅವಳು ಶಾಲು ತೆಗೆದು ಲಾಕಪ್ಪಿನ ಬೆಂಚಿನ ಮೇಲೆ ಹಾಸಿದಳು.